ಕಾಲೇಜಿನ ಫೋನ್ ಎತ್ತುವವರಿಗೊಂದು ಸಮ್ಮೇಳನ

(ಕಾಲೇಜುಗಳ ಪ್ರವೇಶ ಮತ್ತು ಪ್ರಚಾರ ವಿಭಾಗದವರ ಸಭೆಯಲ್ಲಿ ಆಡಿದ ಮಾತುಗಳು. ಸ್ವಾಗತ, ವಂದನೆಗಳನ್ನು ಬಿಟ್ಟು ಬರಹಕ್ಕೆ ಇಳಿಸಿದೆ.)

ನಿಮ್ಮ ಸಮಿತಿಯವರು ಕಳಿಸಿದ ಕರಡು ಕಾರ್ಯಕ್ರಮ ಪಟ್ಟಿ ನನ್ನ ಕೈಯಲ್ಲಿದೆ. ಎರಡು ದಿನ, ಆರು ಗೋಷ್ಠಿ, ಒಂದು ಉದ್ಘಾಟನೆ, ಒಂದು ಸಮಾರೋಪ. ವಿಷಯ, 'ಉನ್ನತ ಶಿಕ್ಷಣದಲ್ಲಿ ನವಮಾಧ್ಯಮ ಮಾರ್ಕೆಟಿಂಗ್: ಸವಾಲುಗಳು ಮತ್ತು ಅವಕಾಶಗಳು'. ನಗಬಹುದು, ಪರವಾಗಿಲ್ಲ. ನಮ್ಮ ಕಡೆ ನಡೆಯುವ ಅರ್ಧಕ್ಕರ್ಧ ಸಮ್ಮೇಳನಗಳ ಬಾಲಕ್ಕೆ ಇದೇ ಎರಡು ಪದ ಅಂಟಿಕೊಂಡಿರುತ್ತವೆ. ನನ್ನ ತಕರಾರು ಶೀರ್ಷಿಕೆಯದ್ದಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೂ ಈ ಸಮ್ಮೇಳನ ಯಾರಿಗೋಸ್ಕರ ಅನ್ನುವುದು ಗೊತ್ತಾಗಲಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಕಾಲೇಜಿನ ಇನ್‌ಸ್ಟಾಗ್ರಾಂ ಪುಟ ನೋಡಿಕೊಳ್ಳುವವರು ಯಾರು? ಹೆಚ್ಚಿನ ಕಡೆ ಹೋದ ವರ್ಷ ಸೇರಿದ ಕಂಪ್ಯೂಟರ್ ಸೈನ್ಸ್ ಲೆಕ್ಚರರ್. "ನೀವು ಚಿಕ್ಕವರಮ್ಮಾ, ನಿಮಗೆ ಇದೆಲ್ಲಾ ಗೊತ್ತಿರುತ್ತೆ" ಅಂತ ಹೇಳಿ ಪಾಸ್‌ವರ್ಡ್ ಕೈಗಿಟ್ಟಿರುತ್ತಾರೆ. ವೆಬ್‌ಸೈಟ್ ಬೆಂಗಳೂರಿನ ಯಾವುದೋ ಏಜೆನ್ಸಿಯ ಕೈಯಲ್ಲಿ. ಅಡ್ಮಿಷನ್ ವಾಟ್ಸಾಪ್ ನಂಬರು ಆಫೀಸಿನ ಗುಮಾಸ್ತರ ಜೇಬಿನಲ್ಲಿ. ಬ್ರೋಷರಿನಲ್ಲಿ ಅಚ್ಚಾದ ಲ್ಯಾಂಡ್‌ಲೈನ್ ಎತ್ತುವವರು ರಿಸೆಪ್ಷನ್ ಮೇಡಂ. ಈ ನಾಲ್ಕೂ ಜನ ಒಂದು ದಿನವಾದರೂ ಒಂದೇ ಟೇಬಲ್ಲಿಗೆ ಕೂತು ಮಾತಾಡಿದ್ದಾರಾ? ಇಲ್ಲ ಅಲ್ವಾ. ಮಗುವನ್ನು ಕಾಲೇಜಿಗೆ ಸೇರಿಸಬೇಕೋ ಬೇಡವೋ ಎಂದು ತಂದೆತಾಯಿ ತೀರ್ಮಾನ ಮಾಡುವುದು ಈ ನಾಲ್ವರ ಜೊತೆ ಆಡಿದ ಮಾತಿನ ಮೇಲೆ. ನಿಮ್ಮ ಆಮಂತ್ರಣ ಮಾತ್ರ ಪ್ರಾಂಶುಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ, 'ಸಂಶೋಧನಾ ವಿದ್ಯಾರ್ಥಿಗಳಿಗೆ' ಹೋಗಿದೆ.

ಒಂದೇ ಒಂದು ನಿಯಮ ಹಾಕಿ. ಪ್ರತಿ ಕಾಲೇಜಿನಿಂದ ಇಬ್ಬರು ಬರಬೇಕು. ಪೋಸ್ಟ್ ಹಾಕುವವರು ಒಬ್ಬರು, ಫೋನ್ ಎತ್ತುವವರು ಒಬ್ಬರು. ಮೇಷ್ಟ್ರುಗಳಿಗೆ ಓಓಡಿ, ಅಂದರೆ ಹೊರಗಿನ ಕೆಲಸಕ್ಕೆ ಹೋದರೂ ಹಾಜರಿ ಸಿಗುವ ಅನುಮತಿ, ಸುಲಭವಾಗಿ ಸಿಗುತ್ತದೆ. ಗುಮಾಸ್ತರಿಗೆ ಸಿಗುವುದಿಲ್ಲ. "ಅವರಿಗ್ಯಾಕೆ ಸಮ್ಮೇಳನ?" ಅಂತ ಕೇಳುತ್ತಾರೆ. ಅದಕ್ಕೇ ಆಮಂತ್ರಣ ಪತ್ರದಲ್ಲೇ, ಇಬ್ಬರ ಹುದ್ದೆಯನ್ನೂ ಬರೆದು, ಪ್ರಾಂಶುಪಾಲರ ಸಹಿಗೆ ಜಾಗ ಬಿಟ್ಟು ಕಳಿಸಿ. ಕಾಗದದಲ್ಲಿ ಇದ್ದರೆ ಕೆಲಸ ಆಗುತ್ತದೆ, ಬಾಯಿಮಾತಿನಲ್ಲಿ ಆಗುವುದಿಲ್ಲ.

ಇನ್ನು ಪೇಪರ್ ವಿಷಯ. 'ಪ್ರಬಂಧಗಳಿಗೆ ಆಹ್ವಾನ, ಐಎಸ್‌ಬಿಎನ್ ಸಹಿತ ಪ್ರಕಟಣೆ' ಅಂತ ಹಾಕಿದ್ದೀರಿ. ಇದನ್ನು ಹಾಕಿದ ಕೂಡಲೇ ಏನಾಗುತ್ತದೆ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾ? ಹತ್ತು ನಿಮಿಷ ಪೇಪರ್ ಓದಿ, ಸರ್ಟಿಫಿಕೇಟ್ ಇಸ್ಕೊಂಡು, ಊಟ ಮುಗಿಸಿ, ಮೂರು ಗಂಟೆ ಬಸ್ಸು. ತಪ್ಪು ಅವರದ್ದಲ್ಲ, ಬಡ್ತಿಗೆ ಬೇಕು, ಮಾಡುತ್ತಾರೆ. ಅದಕ್ಕೆ ಬೇರೆ ಸಮ್ಮೇಳನಗಳಿವೆ. ನೀವು ಮಾಡಹೊರಟಿರುವುದು ವೃತ್ತಿಯವರ ಸಮ್ಮೇಳನ. ಇಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಏನು ಮಾಡಿದಿರಿ, ಎಷ್ಟು ಖರ್ಚಾಯಿತು, ಎಷ್ಟು ಜನ ವಿಚಾರಿಸಿದರು, ಎಷ್ಟು ಜನ ಸೇರಿದರು, ಯಾವುದು ಮಕಾಡೆ ಮಲಗಿತು. ಒಂದು ಪುಟದಲ್ಲಿ ಇಷ್ಟು ಬರೆದು ಕಳಿಸಿ ಅನ್ನಿ. ಸೈದ್ಧಾಂತಿಕ ಹಿನ್ನೆಲೆ ಬೇಡ.

ಇದು ನಾನು ಕಂಡುಹಿಡಿದದ್ದೇನಲ್ಲ. ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳ ವೆಬ್‌ಸೈಟ್ ನಡೆಸುವವರದ್ದೇ ಹೈಎಡ್‌ವೆಬ್ ಅಂತ ಒಂದು ಸಂಘ ಇದೆ, ಅವರದ್ದೇ ವಾರ್ಷಿಕ ಸಮ್ಮೇಳನ ಇದೆ. ಅಲ್ಲಿ ಮಾತಾಡುವವರು ಮರುದಿನ ಹೋಗಿ ಅದೇ ಪುಟ ತಿದ್ದುವವರು. ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್ ಕೂಡ ಉನ್ನತ ಶಿಕ್ಷಣದ ಮಾರ್ಕೆಟಿಂಗ್‌ಗೆಂದೇ ಪ್ರತಿ ವರ್ಷ ಸಮ್ಮೇಳನ ಮಾಡುತ್ತದೆ, ಸಾಮಾನ್ಯವಾಗಿ ನವೆಂಬರಿನಲ್ಲಿ.

ನವೆಂಬರ್ ಅಂದೆ. ನಿಮ್ಮ ಪಟ್ಟಿಯಲ್ಲಿ ದಿನಾಂಕದ ಜಾಗದಲ್ಲಿ 'ಮಾರ್ಚ್ ಎರಡನೇ ವಾರ' ಅಂತಿದೆ. ಯಾಕೆ ಮಾರ್ಚ್ ಅಂತ ನನಗೂ ಗೊತ್ತು, ನಿಮಗೂ ಗೊತ್ತು. 31ನೇ ತಾರೀಖಿನೊಳಗೆ ದುಡ್ಡು ಖರ್ಚಾಗಬೇಕು. ಆದರೆ ಮಾರ್ಚ್ ಹೊತ್ತಿಗೆ ಎಲ್ಲಾ ಮುಗಿದಿರುತ್ತದೆ. ಹೋರ್ಡಿಂಗ್ ಬುಕ್ ಆಗಿರುತ್ತದೆ, ಬ್ರೋಷರ್ ಪ್ರೆಸ್ಸಿಗೆ ಹೋಗಿರುತ್ತದೆ, ಏಜೆನ್ಸಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಮಾರ್ಚ್‌ನಲ್ಲಿ ದ್ವಿತೀಯ ಪಿಯು ಪರೀಕ್ಷೆ. ಈಚಿನ ವರ್ಷಗಳಲ್ಲಿ ಏಪ್ರಿಲ್‌ನಲ್ಲೇ ಫಲಿತಾಂಶ, ಅದೇ ತಿಂಗಳು ಸಿಇಟಿ. ಮೇ ತಿಂಗಳಲ್ಲಿ ನೀಟ್, ಕಾಮೆಡ್‌ಕೆ. ಪದವಿ ಕಾಲೇಜಿನವರಿಗೆ ಯುಯುಸಿಎಂಎಸ್, ಅಂದರೆ ಸರ್ಕಾರದ ಆನ್‌ಲೈನ್ ಪ್ರವೇಶದ ತಾಣ, ತೆರೆದರೆ ಸಾಕು, ಊಟಕ್ಕೂ ಪುರುಸೊತ್ತಿಲ್ಲ. 2024ರಿಂದ ಪಿಯು ಮಕ್ಕಳಿಗೆ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಹಾಗಾಗಿ ಮೊದಲ ಫಲಿತಾಂಶದ ಗಲಾಟೆ ಇಳಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಫಲಿತಾಂಶ, ಇನ್ನೊಂದು ಸುತ್ತು ಫೋನ್. ಇದರ ಮಧ್ಯೆ ನೀವು ಮಾರ್ಚ್‌ನಲ್ಲಿ ಕಲಿಸಿದ್ದನ್ನು ಯಾರು ಯಾವಾಗ ಮಾಡಿ ನೋಡುತ್ತಾರೆ?

ಅಕ್ಟೋಬರ್ ಬೇಡ. ದಸರಾ ರಜೆ, ಮೈಸೂರಿನಲ್ಲಿ ಮಾಡುವುದಾದರೆ ರೂಮು ಸಿಗಲ್ಲ, ಸಿಕ್ಕರೂ ಬಾಡಿಗೆ ಕೇಳಿ ವಾಪಸ್ ಬರುತ್ತೀರಿ. ನವೆಂಬರ್ ಮೊದಲ ವಾರ ರಾಜ್ಯೋತ್ಸವಕ್ಕೆ ಸಭಾಂಗಣಗಳೆಲ್ಲಾ ಹೋಗಿರುತ್ತವೆ. ಸೆಪ್ಟೆಂಬರ್ ಕೊನೆ, ಇಲ್ಲವೇ ನವೆಂಬರ್ ಮೂರನೇ ವಾರ. ನಿಮ್ಮ ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಒಮ್ಮೆ ನೋಡಿಕೊಂಡು ಇವೆರಡರಲ್ಲಿ ಒಂದನ್ನು ಆರಿಸಿ. ದುಡ್ಡು ಮಾರ್ಚ್‌ಗೇ ಖರ್ಚಾಗಬೇಕು ಅಂತಿದ್ದರೆ, ಈ ಮಾರ್ಚ್ ಬಿಟ್ಟು ಮುಂದಿನ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಅವಸರಕ್ಕೆ ಮಾಡಿದ ಸಮ್ಮೇಳನದಿಂದ ಬ್ಯಾಗು, ಪೆನ್ನು ಬಿಟ್ಟರೆ ಯಾರಿಗೂ ಏನೂ ಸಿಗುವುದಿಲ್ಲ.

ಉದ್ಘಾಟನೆಗೆ ಬರೋಣ. ಹತ್ತಕ್ಕೆ ಶುರು, ಹನ್ನೊಂದಕ್ಕೆ ಚಹಾ ಅಂತ ಬರೆದಿದ್ದೀರಿ. ಇದನ್ನು ಬರೆದವರೂ ನಂಬಿರಲಿಕ್ಕಿಲ್ಲ. ಮುಖ್ಯ ಅತಿಥಿ ಬರುವುದು ಹತ್ತೂ ನಲವತ್ತಕ್ಕೆ. ಪ್ರಾರ್ಥನೆ, ನಾಡಗೀತೆ, ಸ್ವಾಗತ. ಆಮೇಲೆ ದೀಪ. ಬತ್ತಿ ಹತ್ತುವುದಿಲ್ಲ, "ಫ್ಯಾನ್ ಆಫ್ ಮಾಡ್ರೀ" ಅಂತ ಹಿಂದಿನಿಂದ ಯಾರೋ ಕೂಗುತ್ತಾರೆ. ವೇದಿಕೆ ಮೇಲೆ ಒಂಬತ್ತು ಜನ. ಒಂಬತ್ತು ಶಾಲು, ಒಂಬತ್ತು ಹಣ್ಣಿನ ಬುಟ್ಟಿ, ಒಂಬತ್ತು ನೆನಪಿನ ಕಾಣಿಕೆ, ಪ್ರತಿಯೊಂದಕ್ಕೂ ಫೋಟೋ. ಆಮೇಲೆ ಮಾತಾಡುವ ಪ್ರತಿಯೊಬ್ಬರೂ ಉಳಿದ ಎಂಟು ಜನರ ಹೆಸರು ಹುದ್ದೆ ಸಹಿತ ಹೇಳಬೇಕು. ಒಂದು ಹೆಸರು ಬಿಟ್ಟರೆ ವರ್ಷಗಟ್ಟಲೆ ಮುನಿಸು. ಚಹಾ ಬರುವಾಗ ಹನ್ನೆರಡೂವರೆ. ಮೊದಲ ಗೋಷ್ಠಿಗೆ ಬಂದ ಪಾಪದ ಸಂಪನ್ಮೂಲ ವ್ಯಕ್ತಿಗೆ "ಸರ್, ಹದಿನೈದು ನಿಮಿಷದಲ್ಲಿ ಮುಗಿಸ್ತೀರಾ?" ಅಂತ ಚೀಟಿ.

ಉದ್ಘಾಟನೆ ಬೇಡ ಅಂತ ನಾನು ಹೇಳಲ್ಲ, ಹೇಳಿದರೂ ನಿಮ್ಮ ಆಡಳಿತ ಮಂಡಳಿ ಕೇಳಲ್ಲ. ಜಾಗ ಬದಲಿಸಿ ಸಾಕು. ಒಂಬತ್ತೂವರೆಗೆ ನೇರವಾಗಿ ಕೆಲಸದ ಗೋಷ್ಠಿ. ಉದ್ಘಾಟನೆ ಮಧ್ಯಾಹ್ನ ಹನ್ನೆರಡೂವರೆಗೆ, ಊಟಕ್ಕೆ ಮುಂಚೆ. ಅತಿಥಿಗಳಿಗೂ ಅನುಕೂಲ, ಊಟ ಮಾಡಿಕೊಂಡು ಹೋಗುತ್ತಾರೆ. ಎಲ್ಲರಿಗೂ ಹಸಿವಾಗಿರುವುದರಿಂದ ಭಾಷಣಗಳು ತಾವಾಗಿಯೇ ಚಿಕ್ಕದಾಗುತ್ತವೆ.

ಹಾಗಾದರೆ ಒಂಬತ್ತೂವರೆಗೆ ಏನು ಮಾಡುವುದು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಎರಡು ದಿನದಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇದೇ.

ಪ್ರೊಜೆಕ್ಟರ್ ಬೇಡ. ಲ್ಯಾಪ್‌ಟಾಪ್ ಮುಚ್ಚಿಸಿ. ಎಲ್ಲರೂ ಫೋನ್ ತೆಗೆಯಲಿ, ವೈಫೈ ಆಫ್ ಮಾಡಲಿ. ಪಕ್ಕದವರ ಜೊತೆ ಕಾಲೇಜು ಅದಲುಬದಲು ಮಾಡಿಕೊಳ್ಳಲಿ. ಈಗ ನೀವು ಹಾವೇರಿ ಕಡೆಯ ಒಬ್ಬ ತಂದೆ. ಮಗಳನ್ನು ಬಿಕಾಂಗೆ ಸೇರಿಸಬೇಕು. ನಿಮಗೆ ಬೇಕಾದ್ದು ನಾಲ್ಕೇ ನಾಲ್ಕು ಸಂಗತಿ. ಮೊದಲ ವರ್ಷದ ಒಟ್ಟು ಫೀಸು ಎಷ್ಟು, ಹುಡುಗಿಯರ ಹಾಸ್ಟೆಲ್ ಇದೆಯಾ, ಅದಕ್ಕೆ ಎಷ್ಟು, ಯಾರಿಗೆ ಫೋನ್ ಮಾಡಬೇಕು. ಐದು ನಿಮಿಷ ಸಮಯ.

ಏನೇನು ಕಾಣುತ್ತದೆ ಅಂತ ಈಗಲೇ ಹೇಳುತ್ತೇನೆ, ಬೇಕಾದರೆ ಇಲ್ಲೇ ತೆಗೆದು ನೋಡಿ. ಪುಟ ತೆರೆದ ಕೂಡಲೇ ಹೋದ ವರ್ಷದ್ದೋ ಅದರ ಹಿಂದಿನ ವರ್ಷದ್ದೋ 'ಅಡ್ಮಿಷನ್ಸ್ ಓಪನ್' ಅಡ್ಡ ಬರುತ್ತದೆ. ಅದನ್ನು ಮುಚ್ಚುವ ಗುರುತು ಪರದೆಯ ಆಚೆ ಎಲ್ಲೋ ಇದೆ, ಬೆರಳಿಗೆ ಸಿಗುವುದಿಲ್ಲ. ಸಿಕ್ಕಿದರೆ ಕೆಳಗೆ ಸರಿಯುವ ಚಿತ್ರಗಳು. ಸಂಸ್ಥಾಪಕರು, ಅಧ್ಯಕ್ಷರು, ಪ್ರಾಂಶುಪಾಲರು, ಮತ್ತೆ ಸಂಸ್ಥಾಪಕರು. ಫೀಸಿನ ವಿವರ ಒಂದು ಪಿಡಿಎಫ್. ತೆರೆದರೆ ಅಡ್ಡಲಾಗಿ ಸ್ಕ್ಯಾನ್ ಮಾಡಿದ ಪುಟ, ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನಿನ ನೆರಳು. ಕತ್ತು ವಾಲಿಸಿಕೊಂಡು ಓದಬೇಕು. ಕೆಳಗಡೆ ಬಲಗಡೆ ಒಂದು ಚಾಟ್ ಕಿಟಕಿ ಪುಟಿದು ಬರುತ್ತದೆ. "ಹಾಯ್, ನಾನು ನಿಮಗೆ ಹೇಗೆ ಸಹಾಯ ಮಾಡಲಿ?" ಹಾಸ್ಟೆಲ್ ಫೀಸು ಎಷ್ಟಮ್ಮಾ ಅಂದರೆ, ಮೊದಲು ನಿಮ್ಮ ಹೆಸರು, ಫೋನ್ ನಂಬರು, ಪಿಯು ಪರ್ಸೆಂಟೇಜು ಕೊಡಿ ಅನ್ನುತ್ತದೆ. ಕೊಟ್ಟರೆ, "ನಮ್ಮ ಪ್ರತಿನಿಧಿ ಸಂಪರ್ಕಿಸುತ್ತಾರೆ". ಸಾಕಪ್ಪಾ ಅಂತ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರೆ ಅದು ಲೈಬ್ರರಿಯಲ್ಲಿ ರಿಂಗಾಗುತ್ತದೆ.

ತಾಂತ್ರಿಕ ಶಿಕ್ಷಣದ ಕಾಲೇಜುಗಳು ಶುಲ್ಕ, ಸಿಬ್ಬಂದಿ, ಸೌಲಭ್ಯಗಳ ವಿವರವನ್ನೆಲ್ಲಾ ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು ಅಂತ, ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಕೇಂದ್ರದ ಮಂಡಳಿ ಎಐಸಿಟಿಇ ಕಡ್ಡಾಯ ಮಾಡಿದೆ. ಹಾಕಿದ್ದಾರೆ. ಇನ್‌ಸ್ಪೆಕ್ಷನ್‌ಗೆ ಬರುವವರಿಗೆ ಸಿಗುವ ಹಾಗೆ ಹಾಕಿದ್ದಾರೆ, ತಂದೆತಾಯಿಗೆ ಸಿಗುವ ಹಾಗೆ ಅಲ್ಲ.

ಐದು ನಿಮಿಷ ಮುಗಿದ ಮೇಲೆ ಪಕ್ಕದ ಕಾಲೇಜಿನ ಪುಟದಲ್ಲಿ ಕಂಡದ್ದನ್ನು ಅವರ ಎದುರೇ ಹೇಳಬೇಕು. ಸ್ವಲ್ಪ ಮುಜುಗರ ಆಗುತ್ತದೆ, ಆಗಲಿ. ಉಳಿದ ಒಂದೂಕಾಲು ಗಂಟೆಯಲ್ಲಿ ತಮ್ಮ ತಮ್ಮ ಪುಟದಲ್ಲಿ ಬದಲಿಸಬೇಕಾದ ಮೂರು ಸಂಗತಿ ಪಟ್ಟಿ ಮಾಡಲಿ, ಒಂದನ್ನು ಅಲ್ಲೇ ಬದಲಿಸಲಿ. ಇನ್‌ಸ್ಟಾಗ್ರಾಂ ಪರಿಚಯದ ಸಾಲಿನಲ್ಲಿ ಕೊಟ್ಟ ಲಿಂಕ್ ಸತ್ತಿದ್ದರೆ ಅದನ್ನು ಸರಿ ಮಾಡಲು ಯಾರ ಅನುಮತಿಯೂ ಬೇಕಿಲ್ಲವಲ್ಲ.

ಮುಂದಿನ ಗೋಷ್ಠಿಗಳಿಗೆ ಹೋಗೋಣ. ಒಂದು ಫೇಸ್‌ಬುಕ್, ಒಂದು ಇನ್‌ಸ್ಟಾಗ್ರಾಂ, ಒಂದು ಯೂಟ್ಯೂಬ್, ಒಂದು ಎಐ ಅಂತ ಹಂಚಿದ್ದೀರಿ. ನನ್ನ ಸಲಹೆ, ಆ್ಯಪ್‌ಗಳ ಹೆಸರಿನಲ್ಲಿ ಗೋಷ್ಠಿ ಮಾಡಬೇಡಿ. ಸಮ್ಮೇಳನಕ್ಕೆ ತಯಾರಿ ಎಂಟು ತಿಂಗಳು ಬೇಕು, ಆ್ಯಪ್‌ಗಳಿಗೆ ಅಷ್ಟು ತಾಳ್ಮೆ ಇಲ್ಲ. 2020ರ ಶುರುವಿನಲ್ಲಿ ಕೂತು ಟಿಕ್‌ಟಾಕ್ ಗೋಷ್ಠಿಗೆ ತಯಾರಿ ಮಾಡಿದವರ ಗತಿ ನೆನೆಯಿರಿ. ಜೂನ್ 29ಕ್ಕೆ ಸರ್ಕಾರ ಅದನ್ನು ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂನವರು ಭಾರತಕ್ಕೆ ರೀಲ್ಸ್ ತಂದರು. ಗೂಗಲ್ ಪ್ಲಸ್ 2019ರಲ್ಲಿ ಬಾಗಿಲು ಹಾಕಿತು. ಟ್ವಿಟರ್ 2023ರಲ್ಲಿ ಹೆಸರನ್ನೇ ಬದಲಿಸಿಕೊಂಡಿತು.

ಕೆಲಸಗಳ ಹೆಸರಿನಲ್ಲಿ ಗೋಷ್ಠಿ ಮಾಡಿ. ಪಿಯು ಫಲಿತಾಂಶದ ದಿನ ಒಂದೇ ಸಮನೆ ಬರುವ ಮೆಸೇಜುಗಳಿಗೆ ಯಾರು, ಹೇಗೆ ಉತ್ತರಿಸಬೇಕು? ಗೂಗಲ್‌ನಲ್ಲಿ ಒಬ್ಬ ಹಳೇ ವಿದ್ಯಾರ್ಥಿ ಒಂದು ಸ್ಟಾರ್ ಕೊಟ್ಟು ಕ್ಯಾಂಟೀನನ್ನು ಬೈದರೆ ಏನು ಬರೆಯಬೇಕು? ಫೀಸು, ಸ್ಕಾಲರ್‌ಶಿಪ್ಪು, ಕೊನೇ ತಾರೀಖನ್ನು ಕನ್ನಡದಲ್ಲಿ ಒಂದು ನಿಮಿಷದ ವಿಡಿಯೊ ಮಾಡಿ ತಂದೆತಾಯಿಯ ವಾಟ್ಸಾಪ್‌ಗೆ ತಲುಪಿಸುವುದು ಹೇಗೆ? ಮಕ್ಕಳು ಇನ್‌ಸ್ಟಾಗ್ರಾಂನಲ್ಲಿ ಇರಬಹುದು, ಫೀಸು ಕಟ್ಟುವವರು ವಾಟ್ಸಾಪ್‌ನಲ್ಲಿದ್ದಾರೆ.

ಖರ್ಚಿನ ಲೆಕ್ಕಕ್ಕೆ ಒಂದು ಪೂರ್ತಿ ಗೋಷ್ಠಿ ಇಡಿ. ಸುಮ್ನೆ ಒಂದು ಉದಾಹರಣೆ ಹಾಕಿಕೊಳ್ಳೋಣ. ಕಾಲೇಜು ಹುಡುಕುವ ಮಕ್ಕಳ ವಿವರ ಮಾರುವ ಒಂದು ಪೋರ್ಟಲ್‌ಗೆ ಒಂದು ಲಕ್ಷ ಕೊಟ್ಟು ಸಾವಿರ ಲೀಡ್, ಅಂದರೆ ಸಾವಿರ ಮಕ್ಕಳ ಹೆಸರು, ಫೋನ್ ನಂಬರು ತಗೊಂಡಿರಿ. ಲೀಡ್‌ಗೆ ನೂರು ರೂಪಾಯಿ, ಅಗ್ಗ ಅನ್ನಿಸುತ್ತದೆ. ಅದರಲ್ಲಿ ಸೇರಿದವರು ಹತ್ತು ಜನ. ಅಲ್ಲಿಗೆ ಒಂದು ಅಡ್ಮಿಷನ್‌ಗೆ ಹತ್ತು ಸಾವಿರ ಬಿತ್ತು. ಸಾವಿರ ಜನಕ್ಕೆ ಫೋನ್ ಮಾಡಿದವರ ಸಂಬಳ ಇನ್ನೂ ಸೇರಿಸಿಲ್ಲ. ಅದೇ ಹತ್ತು ಜನಕ್ಕೆ ಇನ್ನೂ ಮೂರು ಪೋರ್ಟಲ್‌ನಿಂದ ಫೋನ್ ಹೋಗಿರುತ್ತದೆ, ಯಾರಿಂದ ಬಂದರು ಅನ್ನುವುದೇ ಜಗಳ. ಅರ್ಜಿ ಫಾರಂನಲ್ಲಿ 'ನಮ್ಮ ಕಾಲೇಜಿನ ಬಗ್ಗೆ ಹೇಗೆ ಗೊತ್ತಾಯಿತು' ಅನ್ನುವ ಸಾಲು ಇದೆ ಅಲ್ವಾ, ಅದನ್ನು ತುಂಬುವುದು ಹುಡುಗ ಅಲ್ಲ, ಕೌಂಟರಿನಲ್ಲಿ ಕೂತವರು. ಕ್ಯೂ ಉದ್ದ ಇದ್ದರೆ ಎಲ್ಲಕ್ಕೂ 'ಫ್ರೆಂಡ್ಸ್' ಅಂತ ಟಿಕ್. ಅದೇ ಟಿಕ್ ನೋಡಿ ಮುಂದಿನ ವರ್ಷದ ಬಜೆಟ್ ಮಾಡುತ್ತೇವೆ! ಇದಕ್ಕೇ ನಾನು ಫೋನ್ ಎತ್ತುವವರು, ಕೌಂಟರಿನಲ್ಲಿ ಕೂರುವವರು ಬರಲಿ ಅನ್ನುವುದು. ನಿಜವಾದ ಲೆಕ್ಕ ಅವರ ಹತ್ತಿರ ಇದೆ.

ಕಾನೂನಿನ ಗೋಷ್ಠಿ ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇದು ನನಗೆ ಆಶ್ಚರ್ಯ. ದ್ವಿತೀಯ ಪಿಯು ಓದುವ ಹುಡುಗ, ಹುಡುಗಿಯರಲ್ಲಿ ಬಹಳಷ್ಟು ಜನಕ್ಕೆ 17 ವರ್ಷ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲಾ ಮಕ್ಕಳು. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಅವರ ಬೆನ್ನು ಹತ್ತಿ ಗಮನಿಸುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು, ಎರಡಕ್ಕೂ ಕಾಯ್ದೆ ಬೇಡ ಅನ್ನುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಹಂತಹಂತವಾಗಿ ಜಾರಿಯಾಗುತ್ತವೆ. ಶಿಕ್ಷಣ ಸಂಸ್ಥೆಗಳಿಗೆ ಒಂದಿಷ್ಟು ರಿಯಾಯಿತಿ ಇದೆ, ಆದರೆ ಅದು ಈಗಾಗಲೇ ಸೇರಿದ ಮಕ್ಕಳ ಓದು ಮತ್ತು ಸುರಕ್ಷತೆಗೆ ಸಂಬಂಧಿಸಿದ್ದು. ಸೇರಬಹುದಾದ ಮಕ್ಕಳನ್ನು ಬಲೆ ಹಾಕಿ ಹಿಡಿಯುವುದಕ್ಕಲ್ಲ.

ಈಗ ಆ ಪೋರ್ಟಲ್‌ನಿಂದ ಬಂದ ಎಕ್ಸೆಲ್ ಶೀಟನ್ನು ನೆನಪಿಸಿಕೊಳ್ಳಿ. ಹೆಸರು, ಫೋನ್, ಊರು, ಅಂಕ. ಯಾವ ಅಪ್ಪ ಎಲ್ಲಿ ಒಪ್ಪಿಗೆ ಕೊಟ್ಟ? ಇದನ್ನು ಕೇಳುವ ಅಭ್ಯಾಸ ಈ ವರ್ಷವೇ ಶುರುವಾಗಲಿ. ಒಬ್ಬ ವಕೀಲರನ್ನು ಕರೆಸಿ, ಆದರೆ ಕಾಯ್ದೆಯ ಇತಿಹಾಸ ಬೇಡ ಅಂತ ಮೊದಲೇ ಹೇಳಿ. ಪಾಲ್ಗೊಂಡವರ ಅರ್ಜಿ ಫಾರಂಗಳನ್ನೇ ಮುಂದಿಟ್ಟು, "ಈ ಸಾಲು ಇರಲಿ, ಈ ಸಾಲು ತೆಗೀರಿ" ಅಂತ ಹೇಳುವವರು ಬೇಕು. ಅಂದ ಹಾಗೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ 2023ರಿಂದಲೇ 18ರ ಒಳಗಿನವರಿಗೆ ಜಾಹೀರಾತು ಹಾಕುವವರ ಕೈ ಕಟ್ಟಿದೆ. ವಯಸ್ಸು ಮತ್ತು ಜಾಗ ಬಿಟ್ಟರೆ ಬೇರೆ ಆಯ್ಕೆ ಕೊಡುವುದಿಲ್ಲ. "ಎಂಜಿನಿಯರಿಂಗ್‌ನಲ್ಲಿ ಆಸಕ್ತಿ ಇರುವ 17ರ ಹುಡುಗರನ್ನೇ ಹುಡುಕಿ ಕೊಡ್ತೀವಿ ಸಾರ್" ಅನ್ನುವ ಏಜೆನ್ಸಿಯವರನ್ನು, ಅದು ಹೇಗೆ ಅಂತ ಸ್ವಲ್ಪ ಕೂರಿಸಿ ಕೇಳಿ.

ಇನ್ನು ಜಾಹೀರಾತಿನ ಮಾತು. 'ನೂರಕ್ಕೆ ನೂರು ಪ್ಲೇಸ್‌ಮೆಂಟ್', 'ರಾಜ್ಯದ ನಂಬರ್ ಒನ್'. ಜಾಹೀರಾತು ಮಾನದಂಡಗಳ ಮಂಡಳಿ, ಅಂದರೆ ಆಸ್ಕಿ, ಶಿಕ್ಷಣ ಸಂಸ್ಥೆಗಳಿಗೆಂದೇ ಬೇರೆ ಮಾರ್ಗಸೂಚಿ ಇಟ್ಟಿದೆ. ಕೆಲಸ ಸಿಕ್ಕೇ ಸಿಗುತ್ತದೆ ಅಂತ ಭರವಸೆ ಕೊಡುವ ಹಾಗಿದ್ದರೆ ಅದಕ್ಕೆ ಪುರಾವೆ ಇರಬೇಕು. ರ‍್ಯಾಂಕ್ ಹೇಳಿದರೆ ಯಾರು ಕೊಟ್ಟ ರ‍್ಯಾಂಕ್, ಯಾವಾಗಿನದ್ದು ಅಂತ ಹೇಳಬೇಕು. 2023ರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. ಕಡಿಮೆ ಅಂಕ ತೆಗೆದ ಮಕ್ಕಳನ್ನು ಸೋತವರು, ಕೈಲಾಗದವರು ಅನ್ನುವ ಹಾಗೆ ತೋರಿಸಬಾರದು. ಒಳ್ಳೆಯ ನಿಯಮ, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಆಸ್ಕಿ ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ, ಅದು ದಂಡ ಹಾಕಲಾರದು ಅಂತ ಕೆಲವರು ಧೈರ್ಯವಾಗಿರುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಾಕಬಲ್ಲದು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ. ದುಡ್ಡು ತಗೊಂಡು ರೀಲ್ಸ್ ಮಾಡುವ ಇನ್‌ಫ್ಲುಯೆನ್ಸರ್ ಕೂಡ ಅದು ಜಾಹೀರಾತು ಅಂತ ಹೇಳಲೇಬೇಕು, ಆಸ್ಕಿ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ.

ಒಬ್ಬ ಟಾಪರ್ ಹುಡುಗಿಯ ಫೋಟೋ ನಾಲ್ಕು ಕೋಚಿಂಗ್ ಸೆಂಟರಿನ ಬ್ಯಾನರಿನಲ್ಲಿ ಕಾಣುವುದು ನಮಗೆ ಹೊಸದಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್‌ನವರಿಗೆ ಮಾರ್ಗಸೂಚಿ ತಂತು. ಅಭ್ಯರ್ಥಿ ಆಯ್ಕೆಯಾದ ಮೇಲೆ ಲಿಖಿತ ಒಪ್ಪಿಗೆ ಪಡೆಯದೆ ಹೆಸರು, ಫೋಟೋ ಬಳಸುವಂತಿಲ್ಲ. ಅದು ಕೋಚಿಂಗ್‌ಗೆ ಮಾಡಿದ್ದು, ಕಾಲೇಜಿಗಲ್ಲ. ಆದರೂ ನಿಮ್ಮ ರ‍್ಯಾಂಕ್ ಹುಡುಗಿಯ ಹತ್ತಿರ ಒಂದು ಸಹಿ ತಗೊಳ್ಳಲು ಕಷ್ಟವೇನು?

ಮಕ್ಕಳ ಮಾತು ಬಂತು. ನಿಮ್ಮ ಪಟ್ಟಿಯಲ್ಲಿ ವಿದ್ಯಾರ್ಥಿಗಳು ಇದ್ದಾರೆ. ಎಲ್ಲಿ? 'ಸ್ವಯಂಸೇವಕರು' ಅನ್ನುವ ಕಡೆ. ನೀರಿನ ಬಾಟಲಿ ಇಡುವುದಕ್ಕೆ, ಹೂಗುಚ್ಛದ ತಟ್ಟೆ ಹಿಡಿಯುವುದಕ್ಕೆ. ಅವರನ್ನು ವೇದಿಕೆಗೆ ಹತ್ತಿಸಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2004ರಿಂದ ತನ್ನ ಪ್ರವೇಶ ವಿಭಾಗದ ತಾಣದಲ್ಲಿ ವಿದ್ಯಾರ್ಥಿಗಳಿಂದಲೇ ಬ್ಲಾಗ್ ಬರೆಸುತ್ತಿದೆ. ಬರೆಯುವುದಕ್ಕೆ ದುಡ್ಡು ಕೊಡುತ್ತದೆ, ಬರೆದದ್ದಕ್ಕೆ ಕತ್ತರಿ ಹಾಕುವುದಿಲ್ಲ. ಫೇಲಾದದ್ದು, ಅತ್ತದ್ದು, ನಿದ್ದೆಗೆಟ್ಟದ್ದು ಎಲ್ಲಾ ಇರುತ್ತದೆ. ಅದನ್ನು ಓದಿಯೇ ಸೇರಿದವರಿದ್ದಾರೆ. ನಮ್ಮಲ್ಲಿ ಹಾಗೆ ಮಾಡಿ ಅಂದರೆ ಆಡಳಿತ ಮಂಡಳಿಗೆ ಜ್ವರ ಬರುತ್ತದೆ, ಗೊತ್ತು. ಕನಿಷ್ಠ ಈಗಷ್ಟೇ ಸೇರಿದ ಐದು ಮೊದಲ ವರ್ಷದ ಮಕ್ಕಳನ್ನು ಬೇರೆ ಬೇರೆ ಕಾಲೇಜಿನಿಂದ ಕರೆಸಿ ಕೂರಿಸಿ. "ನೀನು ಈ ಕಾಲೇಜಿಗೇ ಯಾಕೆ ಬಂದೆ, ಯಾವ ಕಾಲೇಜನ್ನು ಯಾಕೆ ಬಿಟ್ಟೆ?" ಅಷ್ಟೇ ಪ್ರಶ್ನೆ. ಅವರ ಪ್ರಾಂಶುಪಾಲರು ಮುಂದಿನ ಸಾಲಿನಲ್ಲಿ ಕೂರಬಾರದು.

ಎಡವಟ್ಟುಗಳಿಗೂ ಒಂದು ಗೋಷ್ಠಿ ಬೇಕು. ಇದು ಸಂಘಟಕರಿಗೆ ಕಷ್ಟದ ಗೋಷ್ಠಿ. ನಮ್ಮ ಕಾಲೇಜಿನವರು ಯಾರೂ ಮೈಕಿನ ಮುಂದೆ ತಮ್ಮ ಎಡವಟ್ಟು ಹೇಳುವುದಿಲ್ಲ. ಅದಕ್ಕೆ ದೂರದವರದ್ದರಿಂದ ಶುರು ಮಾಡಿ. 2010ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ರೇಕ್ ವಿಶ್ವವಿದ್ಯಾಲಯ ತನ್ನ ಹೊಸ ಪ್ರಚಾರಕ್ಕೆ ದೊಡ್ಡದಾಗಿ 'ಡಿ ಪ್ಲಸ್' ಅಂತ ಗುರುತು ಮಾಡಿತು. ಡ್ರೇಕ್‌ನ ಡಿ, ಜೊತೆಗೆ ಏನೇನೋ ಲಾಭ ಅನ್ನುವ ಅರ್ಥದಲ್ಲಿ. ಅಲ್ಲಿ ಡಿ ಪ್ಲಸ್ ಅಂದರೆ ಫೇಲಾಗದೆ ಹೇಗೋ ದಾಟಿದ ಗ್ರೇಡು. ಊರೆಲ್ಲಾ ನಕ್ಕಿತು. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹೊಸ ಲೋಗೊ ತಂತು. 50 ಸಾವಿರಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು, ಡಿಸೆಂಬರ್‌ನಲ್ಲಿ ಲೋಗೊ ವಾಪಸ್. ಅದೇ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ 2009ರಲ್ಲಿ, ಸೀಟು ಸಿಗದ ಸುಮಾರು 28 ಸಾವಿರ ಮಕ್ಕಳಿಗೂ ಅಭಿನಂದನೆಯ ಇಮೇಲ್ ಕಳಿಸಿಬಿಟ್ಟಿತು. ತಪ್ಪಾದ ಪಟ್ಟಿಗೆ ಹೋಯಿತು, ಅಷ್ಟೇ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಒತ್ತುವ ನಿಮ್ಮ ಗುಮಾಸ್ತರಿಗೆ ಇದನ್ನು ಹೇಳಿ, ಕೈ ನಡುಗುತ್ತದೆ. ಕಳಿಸುವ ಮೊದಲು ಇನ್ನೊಬ್ಬರು ಪಟ್ಟಿ ನೋಡಬೇಕು ಅನ್ನುವ ಕ್ರಮ ಅಲ್ಲಿಂದ ಹುಟ್ಟಬೇಕು.

ಆಮೇಲೆ ಬಾಗಿಲು ಮುಚ್ಚಿ. ರೆಕಾರ್ಡಿಂಗ್ ಇಲ್ಲ, ಪತ್ರಕರ್ತರಿಲ್ಲ, ಫೋನ್‌ಗಳು ಹೊರಗೆ. ಒಬ್ಬರು ಬಾಯಿ ಬಿಟ್ಟರೆ ಸಾಕು, ಉಳಿದವರು ತಡೆಯಲ್ಲ.

ಫೋನ್ ಅಂದಾಗ ನೆನಪಾಯಿತು. ವೇದಿಕೆ ಹಿಂದೆ ದೊಡ್ಡ ಪರದೆಯಲ್ಲಿ ಹ್ಯಾಶ್‌ಟ್ಯಾಗ್ ಪೋಸ್ಟುಗಳನ್ನು ನೇರ ತೋರಿಸುತ್ತೇವೆ ಅಂತ ಬರೆದಿದ್ದೀರಿ. ನವಮಾಧ್ಯಮ ಸಮ್ಮೇಳನ ಅಂದ ಮೇಲೆ ಆಸೆ ಆಗುತ್ತದೆ, ನಿಜ. 2009ರ ನವೆಂಬರಿನಲ್ಲಿ ನ್ಯೂಯಾರ್ಕಿನ ವೆಬ್ 2.0 ಎಕ್ಸ್‌ಪೋ ಅನ್ನುವ ಸಮ್ಮೇಳನದಲ್ಲಿ ದಾನಾ ಬಾಯ್ಡ್ ಮಾತಾಡುತ್ತಿದ್ದರು. ಸಾಮಾಜಿಕ ಮಾಧ್ಯಮದ ಹೆಸರಾಂತ ಸಂಶೋಧಕಿ. ಅವರ ಬೆನ್ನ ಹಿಂದೆ ಪರದೆಯಲ್ಲಿ ಸಭಿಕರ ಟ್ವೀಟ್‌ಗಳು. ವೇಗವಾಗಿ ಮಾತಾಡುತ್ತಾರೆ ಅನ್ನುವಲ್ಲಿಂದ ಶುರುವಾಗಿ ಹೀಯಾಳಿಕೆಗೆ ಹೋಯಿತು. ಜನ ನಗುತ್ತಿದ್ದಾರೆ, ಯಾಕೆ ಅಂತ ಅವರಿಗೆ ಕಾಣದು. ಪರಿಣತರಿಗೇ ಹೀಗಾದರೆ, ಮೊದಲ ಸಲ ಮೈಕು ಹಿಡಿದ ನಿಮ್ಮ ರಿಸೆಪ್ಷನ್ ಮೇಡಂ ಗತಿ ಏನು? ಪರದೆ ಬೇಕೇ ಬೇಕಾದರೆ ಊಟದ ಹಾಲ್‌ನಲ್ಲಿ ಇಡಿ.

ಪ್ರಾಯೋಜಕರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪೋರ್ಟಲ್‌ನವರು, ಸಾಫ್ಟ್‌ವೇರ್‌ನವರು ಬರಲಿ, ದುಡ್ಡು ಕೊಡಲಿ, ಹೊರಗೆ ಸ್ಟಾಲ್ ಹಾಕಲಿ. ಗೋಷ್ಠಿಯಲ್ಲಿ ನಲವತ್ತು ನಿಮಿಷ ಕೊಡಬೇಡಿ. ಪಾಲ್ಗೊಂಡವರ ಫೋನ್ ನಂಬರಿನ ಪಟ್ಟಿಯನ್ನಂತೂ ಅವರ ಕೈಗೆ ಕೊಡಲೇಬೇಡಿ. ಬೆಳಿಗ್ಗೆ ಒಪ್ಪಿಗೆಯ ಪಾಠ ಹೇಳಿ ಸಂಜೆ ಆ ಪಟ್ಟಿ ಮಾರುವುದು ಚೆನ್ನಾಗಿರಲ್ಲ. ನೋಂದಣಿ ಶುಲ್ಕಕ್ಕೂ ಪ್ರಾಯೋಜಕರ ಹಣಕ್ಕೂ ಜಿಎಸ್‌ಟಿ ಲೆಕ್ಕ ಹೇಗೆ ಅಂತ, ಬ್ಯಾನರ್ ಪ್ರಿಂಟಿಗೆ ಕೊಡುವ ಮೊದಲೇ ಆಡಿಟರ್ ಹತ್ತಿರ ಕೇಳಿಕೊಳ್ಳಿ. ಗುಮಾಸ್ತರು, ರಿಸೆಪ್ಷನಿಸ್ಟರಿಗೆ ಶುಲ್ಕ ಅರ್ಧ ಇಡಿ, ಇಲ್ಲವಾದರೆ ಕಾಲೇಜುಗಳು ಒಬ್ಬರನ್ನೇ ಕಳಿಸುತ್ತವೆ, ಆ ಒಬ್ಬರು ಯಾರು ಅಂತ ನಿಮಗೆ ಗೊತ್ತು. ಬ್ಯಾಗು ಬೇಡ. ಉಳಿದ ದುಡ್ಡಲ್ಲಿ ದೂರದಿಂದ ಬಂದವರಿಗೆ ರಾತ್ರಿ ಉಳಿಯುವ ವ್ಯವಸ್ಥೆ ಮಾಡಿ. ಬೀದರ್, ಯಾದಗಿರಿ ಕಡೆಯ ಕಾಲೇಜಿನವರು ಬರದಿದ್ದರೆ ಇದು ಬೆಂಗಳೂರಿನ ಸಮ್ಮೇಳನ ಆಗುತ್ತದೆ.

ಸಮಾರೋಪದ ಬದಲು ಇನ್ನೊಂದು ದಿನಾಂಕ ಗೊತ್ತು ಮಾಡಿ. ಮುಂದಿನ ಆಗಸ್ಟ್, ಅಡ್ಮಿಷನ್ ಗಲಾಟೆ ಮುಗಿದ ಮೇಲೆ ಒಂದು ಶನಿವಾರ ಸಂಜೆ, ಆನ್‌ಲೈನಲ್ಲಿ ಎರಡು ಗಂಟೆ. ಬಂದಿದ್ದ ಅದೇ ಇಬ್ಬಿಬ್ಬರು ಕೂರಲಿ. ಮೊದಲ ದಿನ ಬೆಳಿಗ್ಗೆ ಪಟ್ಟಿ ಮಾಡಿದ ಮೂರು ಸಂಗತಿಗಳಲ್ಲಿ ಎಷ್ಟು ಬದಲಾದವು, ಯಾವುದಕ್ಕೆ ಯಾರು ಅಡ್ಡ ಬಂದರು, ಒಂದು ಅಡ್ಮಿಷನ್‌ಗೆ ಈ ಸಲ ಎಷ್ಟು ಬಿತ್ತು ಅಂತ ಹೇಳಲಿ. ಸರ್ಟಿಫಿಕೇಟನ್ನು ಆ ಸಂಜೆ ಬಂದವರಿಗೆ ಮಾತ್ರ ಕಳಿಸುತ್ತೇವೆ ಅಂತ ಆಮಂತ್ರಣದಲ್ಲೇ ಬರೆದುಬಿಡಿ. ಇದಕ್ಕೆ ನಿಮ್ಮಲ್ಲಿ ಕೆಲವರು ಒಪ್ಪುವುದಿಲ್ಲ ಅಂತ ಮುಖ ನೋಡಿದರೇ ಕಾಣುತ್ತಿದೆ. ಹೇಳಿ, ಕೇಳೋಣ. ಮೊದಲ ಪ್ರಶ್ನೆ ಹಿಂದಿನ ಸಾಲಿನಿಂದ ಬರಲಿ.